ತೋಳ ಬೇಕು ಅಂದವನ ಕನಸಿಗೆ ಎಮ್ಮೆ ಬಂತು

“ಮೇಡಂ, ನನಗ ತ್ವಾಳ ಬೇಕಾಗಿತ್ರೀ. ಬಂದದ್ದು ಎಮ್ಮಿ.”

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿ ಪರೀಕ್ಷೆಗೆ ಓದುತ್ತಿದ್ದ ಹುಡುಗ ಇದನ್ನು ಹೇಳುವಾಗ ಮುಖ ಸಣ್ಣಗೆ ಮಾಡಿಕೊಂಡಿದ್ದ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.) ಫೋನಿನಲ್ಲಿ ಯಾವುದೋ ವಿಡಿಯೊ ನೋಡಿದ್ದ. ಕನಸಿನೊಳಗೇ ಎಚ್ಚರಾಗಿ ತನ್ನ ‘ಸ್ಪಿರಿಟ್ ಅನಿಮಲ್’ ಅನ್ನು, ಅಂದರೆ ತನಗೆ ದಾರಿ ತೋರುತ್ತದೆ ಎಂದು ನಂಬುವ ಪ್ರಾಣಿಯನ್ನು, ಕಾಣಬೇಕು ಅಂತ ಎರಡು ತಿಂಗಳು ಪಟ್ಟು ಹಿಡಿದಿದ್ದ. ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಇದನ್ನು ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಈಗೀಗ ಜಾಸ್ತಿ. ಅವರಿಗೆಲ್ಲ ಮೊದಲು ಹೇಳುವ ಮಾತು: ಯಾವ ಪ್ರಾಣಿ ಬರಬೇಕು ಅಂತ ನೀವು ಆರಿಸಬೇಡಿ.

ಕನಸು ನಡೆಯುತ್ತಿರುವಾಗಲೇ ‘ಅರೆ, ಇದು ಕನಸು’ ಅಂತ ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮ್ ಅನ್ನುತ್ತಾರೆ. ಇದು ಸುಮ್ನೆ ಹೇಳುವ ಮಾತಲ್ಲ, ಪ್ರಯೋಗಾಲಯದಲ್ಲಿ ಸಾಬೀತಾಗಿದೆ. 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಅಲನ್ ವೋರ್ಸ್ಲಿ ಎಂಬವರನ್ನು ಮಲಗಿಸಿ, ಕನಸಿನಲ್ಲಿ ಎಚ್ಚರಾದ ಕೂಡಲೇ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಲು ಹೇಳಿದ್ದರು. ಕನಸು ಬೀಳುವ ಹೊತ್ತಿನಲ್ಲಿ ಮೈಯೆಲ್ಲ ಸಡಿಲಾಗಿ ಕೈಕಾಲು ಆಡುವುದಿಲ್ಲ, ಕಣ್ಣು ಮಾತ್ರ ಆಡುತ್ತದೆ, ಅದಕ್ಕೇ ಈ ಉಪಾಯ. ಆ ಸನ್ನೆ ಯಂತ್ರದಲ್ಲಿ ದಾಖಲಾಯಿತು. 2021ರಲ್ಲಿ ನಾಲ್ಕು ದೇಶಗಳ ಸಂಶೋಧಕರು ಇನ್ನೂ ಮುಂದೆ ಹೋದರು. ಕನಸು ಕಾಣುತ್ತಿದ್ದ ಒಬ್ಬರಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಅಂತ ಕೇಳಿದಾಗ, ಅವರು ನಿದ್ದೆಯಲ್ಲೇ ಕಣ್ಣಾಡಿಸಿ ಎರಡು ಅಂತ ಉತ್ತರ ಕೊಟ್ಟರು!

ನಮ್ಮ ಹತ್ತಿರದ ಮುಂಡಗೋಡದಲ್ಲಿ ಟಿಬೆಟನ್ ಕ್ಯಾಂಪ್ ಇದೆಯಲ್ಲ, ಆ ಜನರ ಬೌದ್ಧ ಪರಂಪರೆಯಲ್ಲಿ ಸ್ವಪ್ನಯೋಗ ಅಂತ, ಕನಸಿನೊಳಗೆ ಎಚ್ಚರಾಗಿರುವ ಒಂದು ಸಾಧನೆ ನೂರಾರು ವರ್ಷಗಳಿಂದ ಇದೆ. ಗುರುವಿನಿಂದ ಕಲಿಯುವಂಥದ್ದು.

ಸ್ಪಿರಿಟ್ ಅನಿಮಲ್ ಮಾತಿನ ಬೇರು ಬೇರೆ ಕಡೆಯದು. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ, ಉದಾಹರಣೆಗೆ ಓಜಿಬ್ವೆ ಜನರಲ್ಲಿ, ಹರೆಯದ ಮಕ್ಕಳು ಹಿರಿಯರ ಕಣ್ಗಾವಲಿನಲ್ಲಿ ಉಪವಾಸವಿದ್ದು ಒಬ್ಬರೇ ಕಾಡಿನಲ್ಲಿ ಉಳಿದು ಕನಸಿಗೆ ಕಾಯುವ ಪದ್ಧತಿ ಇತ್ತು. ಕಂಡದ್ದರ ಅರ್ಥ ತಿಳಿಯಲು ಹಿರಿಯರಿದ್ದರು. ‘ಟೋಟೆಮ್’ ಎಂಬ ಪದ ಬಂದದ್ದೇ ಅವರ ಭಾಷೆಯಿಂದ, ಕುಲ ಎಂಬ ಅರ್ಥದಲ್ಲಿ. ಇಷ್ಟು ದೊಡ್ಡ ವಿಷಯವನ್ನು ಹತ್ತು ಪ್ರಶ್ನೆಯ ಕ್ವಿಜ್ ಮಾಡಿ ‘ನೀವು ತೋಳ’ ಅಂತ ಹೇಳಿಬಿಡುವುದು ನನಗೆ ನಿಜಕ್ಕೂ ಬೇಜಾರು ತರುತ್ತದೆ. ನಮ್ಮಲ್ಲೂ ಇದರ ಹತ್ತಿರದ್ದು ಇದೆ, ಅಲ್ವಾ? ಮದುವೆ ಮಾತಿಗೆ ಕೂತಾಗ ‘ನಿಮ್ಮ ಬೆಡಗು ಯಾವುದು’, ಅಂದರೆ ಕುಲದೊಳಗಿನ ಬಳಿ ಯಾವುದು ಅಂತ ಕೇಳುತ್ತಾರೆ. ಅದರಲ್ಲಿ ಪ್ರಾಣಿಯ ಹೆಸರಿನವು, ಗಿಡದ ಹೆಸರಿನವು ಎಷ್ಟೋ ಇವೆ. ರಾಣೆಬೆನ್ನೂರು ಕಡೆಯ ದೇವರಗುಡ್ಡಕ್ಕೆ ಹೋದವರಿಗೆ ಗೊರವಪ್ಪಗಳು ಗೊತ್ತು. ಕರಿಕಂಬಳಿ ಹೊದ್ದು, ಮೈಲಾರಲಿಂಗನ ನಾಯಿ ತಾವು ಅಂತ ಬೊಗಳುತ್ತಾರೆ. ಅವರಿಗೆ ಅದು ಭಕ್ತಿ, ಹಟ ಹಿಡಿದು ಆರಿಸಿಕೊಂಡ ಬಿರುದಲ್ಲ.

ಈಗ ವಿಧಾನ. ಮೊದಲ ಹದಿನೈದು ದಿನ ಬರೀ ಕನಸು ಬರೆದಿಡಿ. ದಿಂಬಿನ ಪಕ್ಕ ನೋಟ್‌ಬುಕ್ ಇರಲಿ, ಫೋನ್ ಬೇಡ. ಹಗಲಲ್ಲಿ ನಾಲ್ಕೈದು ಸಲ ಮೂಗು ಮುಚ್ಚಿ ಮೂಗಿನಿಂದಲೇ ಉಸಿರಾಡಲು ನೋಡಿ, ಮನಸ್ಸಿಟ್ಟು ‘ಇದು ಕನಸಾ?’ ಅಂತ ಕೇಳಿಕೊಳ್ಳಿ. ರೂಢಿಯಾದ ಮೇಲೆ ಕನಸಿನಲ್ಲೂ ಕೈ ಮೂಗಿಗೆ ಹೋಗುತ್ತದೆ. ಅಲ್ಲಿ ಮೂಗು ಮುಚ್ಚಿದರೂ ಉಸಿರು ಬಂದರೆ ಗೊತ್ತಾಯಿತು. ಇನ್ನೊಂದು, ಬೆಳಗಿನ ಜಾವದ ಉಪಾಯ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ, ಕನಸಿನ ಪಾಲು ಕೊನೆಯ ಸುತ್ತುಗಳಲ್ಲಿ ಜಾಸ್ತಿ. ಹಾಗಾಗಿ ಐದು ತಾಸು ಮಲಗಿ ಎದ್ದು, ಸ್ವಲ್ಪ ಹೊತ್ತು ಕೂತು, ‘ಮುಂದಿನ ಕನಸಿನಲ್ಲಿ ಇದು ಕನಸು ಅಂತ ನನಗೆ ನೆನಪಾಗಬೇಕು’ ಅಂದುಕೊಳ್ಳುತ್ತಾ ಮತ್ತೆ ಮಲಗಬೇಕು. ಅಮೆರಿಕದ ಸ್ಟೀಫನ್ ಲಾಬರ್ಜ್ ರೂಪಿಸಿದ ವಿಧಾನದ ಜೀವಾಳ ಇದೇ. ವಾರಕ್ಕೆ ಎರಡು ಸಲ ಸಾಕು. ದಿನಾ ಮಾಡಿದರೆ ನಿದ್ದೆ ಕೆಡುತ್ತದೆ. ಕೆಟ್ಟ ನಿದ್ದೆಗೆ ಯಾವ ಪ್ರಾಣಿಯೂ ಪರಿಹಾರ ಅಲ್ಲ.

ಕನಸಿನೊಳಗೆ ಎಚ್ಚರವಾದ ಖುಷಿಗೇ ಕನಸು ಒಡೆದುಹೋಗುತ್ತದೆ, ಬಹಳ ಜನರಿಗೆ ಮೊದಮೊದಲು ಹಾಗೇ. ಆಗ ಕನಸಿನಲ್ಲೇ ಎರಡೂ ಅಂಗೈ ಉಜ್ಜಿಕೊಳ್ಳಿ, ನೆಲ ನೋಡಿ, ಗೋಡೆ ಮುಟ್ಟಿ. ಆಮೇಲೆ ‘ಬಾ’ ಅಂತ ಅಪ್ಪಣೆ ಮಾಡಬೇಡಿ. ಒಂದು ಬಾಗಿಲು ತೆಗೆಯಿರಿ, ಇಲ್ಲವೇ ‘ನನಗೆ ಏನೋ ಹೇಳಬೇಕಾದವರು ಯಾರಾದರೂ ಇದ್ದೀರಾ?’ ಅಂತ ಕೇಳಿ ಸುಮ್ಮನೆ ನಿಲ್ಲಿರಿ.

ನಮ್ಮ ಹುಡುಗ ಹೀಗೆಯೇ ಬಾಗಿಲು ತೆಗೆದಿದ್ದ. ಹೊಸ್ತಿಲಿಗೆ ಅಡ್ಡ ನಿಂತಿತ್ತು ಎಮ್ಮೆ. ಅರ್ಧಚಂದ್ರದ ಹಾಗೆ ಬಾಗಿದ ಕೊಂಬು, ಅಪ್ಪಟ ಧಾರವಾಡಿ. 2021ರಲ್ಲಿ ಪ್ರತ್ಯೇಕ ತಳಿ ಅಂತ ಮಾನ್ಯತೆ ಸಿಕ್ಕಿತಲ್ಲ, ನಮ್ಮ ಫೇಡೆಗೆ ಹಾಲು ಕೊಡುತ್ತದಲ್ಲ, ಅದೇ. “ನೀ ಯಾಕ ಬಂದಿ?” ಅಂತ ಕೇಳಿದ. ಅದು ಮೆಲುಕು ಹಾಕುತ್ತಾ ನಿಂತಿತ್ತು, ಏನೂ ಹೇಳಲಿಲ್ಲ. ಅವನಿಗೆ ನಿರಾಸೆಯಾಗಿತ್ತು. ನಾನು ಕೇಳಿದೆ, “ಆ ಎಮ್ಮೆ ನಿನಗೆ ಗೊತ್ತಿದ್ದದ್ದಾ?” ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, ಅವನ ಕೋಚಿಂಗ್ ಫೀಗೆ ಅವ್ವ ಮಾರಿದ ಎಮ್ಮೆ ಅದು. ಎರಡು ಸಲ ಪರೀಕ್ಷೆಯಲ್ಲಿ ಫೇಲಾದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಮೂರು ತಿಂಗಳಿಂದ ಊರಿಗೂ ಹೋಗಿರಲಿಲ್ಲ.

ಕನಸಿನ ಪ್ರಾಣಿ ಹೊರಗಿನಿಂದ ಬಂದ ಆತ್ಮವಾ ಅಂತ ಕೇಳುತ್ತಾರೆ. ನಾನು ಅದನ್ನು ನಮ್ಮ ಮನಸ್ಸೇ ಕಟ್ಟಿದ ರೂಪ ಅಂತ ನೋಡುತ್ತೇನೆ. ಹಾಗಂದ ಮಾತ್ರಕ್ಕೆ ಅದರ ತೂಕ ಕಡಿಮೆ ಆಗುವುದಿಲ್ಲ. ಇಷ್ಟು ದಿನ ಯಾರ ಮುಂದೆಯೂ ಹೇಳಲಾರದ್ದು ಎಮ್ಮೆಯ ರೂಪದಲ್ಲಿ ಬಾಗಿಲಿಗೆ ಬಂದು ನಿಂತಿತ್ತು. ತೋಳ ಬಂದಿದ್ದರೆ ಅವನು ನನ್ನ ಹತ್ತಿರ ಬರುತ್ತಲೇ ಇರಲಿಲ್ಲವೇನೋ.

ಹಾವು ಬಂದರೆ? ನಮ್ಮ ಕಡೆ ಎಲ್ಲರ ಭಯ ಅದೇ. ಓಡಬೇಡಿ, ಸ್ವಲ್ಪ ದೂರದಲ್ಲಿ ನಿಂತು ಅದೇ ಪ್ರಶ್ನೆ ಕೇಳಿ. ತಡೆಯಲಾಗದಿದ್ದರೆ ಕಣ್ಣು ಜೋರಾಗಿ ಮಿಟುಕಿಸಿ, ಬಹಳ ಸಲ ಎಚ್ಚರಾಗುತ್ತದೆ. ಕೆಲವರಿಗೆ ಎದ್ದ ಕೂಡಲೇ ಮೈ ಆಡದೆ, ಯಾರೋ ಎದೆ ಮೇಲೆ ಕೂತ ಹಾಗೆ ಆಗುತ್ತದೆ. ದೆವ್ವ ಅಲ್ಲ ಅದು. ಕನಸಿನ ಹೊತ್ತಿನ ಸಡಿಲ ಇನ್ನೂ ಬಿಟ್ಟಿಲ್ಲ, ಅಷ್ಟೇ. ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಲ್ಲದ ದನಿ ಕೇಳುವವರು, ಕನಸು ಯಾವುದು ನಿಜ ಯಾವುದು ಅಂತ ಗೊಂದಲ ಆಗುವವರು, ಬೈಪೋಲಾರ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಇದಕ್ಕೆ ಕೈ ಹಾಕಬೇಡಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಮೊದಲು ವೈದ್ಯರಿಗೆ ತೋರಿಸಿ. ಗ್ಯಾಲಂಟಮೈನ್ ಮಾತ್ರೆ ತಗೊಂಡರೆ ಬೇಗ ಲೂಸಿಡ್ ಕನಸು ಬೀಳುತ್ತದೆ ಅಂತ ಕೇಳಿ ಆನ್‌ಲೈನಲ್ಲಿ ತರಿಸುವವರಿದ್ದಾರೆ. ಅದು ಮರೆಗುಳಿ ಕಾಯಿಲೆಗೆ ಕೊಡುವ ಔಷಧಿ. ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಎದ್ದ ಮೇಲೆ ಮಗ್ಗುಲು ಬದಲಿಸದೆ ಎರಡು ನಿಮಿಷ ಹಾಗೇ ಮಲಗಿ, ಕಂಡದ್ದನ್ನು ಕೊನೆಯಿಂದ ಮೊದಲಿನ ತನಕ ನೆನೆಸಿಕೊಳ್ಳಿ. ಆಮೇಲೆ ಬರೆಯಿರಿ, ಮನೆಯಲ್ಲಿ ಆಡುವ ಮಾತಿನಲ್ಲೇ. ಆ ಹುಡುಗ ಬರೆದದ್ದು ಒಂದೇ ಸಾಲು: “ಎಮ್ಮಿ ಬಂದಿತ್ತು, ಅವ್ವ ಇರಲಿಲ್ಲ.” ನಮ್ಮ ಮಾತು ಶುರುವಾದದ್ದು ಅಲ್ಲಿಂದ.