ಮುಂಗಡ ಕಟ್ಟಿ ಕಾದವರ ಕಾರು: ಪೋಲೆಂಡಿನ ‘ಮಾಲುಖ್’

ಪೋಲಿಷ್ ಭಾಷೆಯಲ್ಲಿ ‘ಮಾಲುಖ್’ ಅಂದರೆ ಪುಟಾಣಿ. ಮೂರು ಮೀಟರಿಗಿಂತ ತುಸುವೇ ಉದ್ದದ ಫಿಯೆಟ್ 126ಪಿ ಕಾರಿಗೆ ಜನ ಇಟ್ಟ ಹೆಸರು ಅದು. ಕಂಪನಿ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1997ರಲ್ಲಿ.

ಕಾರಿನ ಕಥೆ ಶುರುವಾಗುವುದು ರಕ್ತಪಾತದ ಬೆನ್ನಿಗೆ. 1970ರ ಡಿಸೆಂಬರಿನಲ್ಲಿ ಆಹಾರದ ಬೆಲೆ ಏರಿತು, ಬಾಲ್ಟಿಕ್ ತೀರದ ಹಡಗುಕಟ್ಟೆ ಕಾರ್ಮಿಕರು ಬೀದಿಗಿಳಿದರು, ಗುಂಡು ಹಾರಿತು. ಆಮೇಲೆ ಅಧಿಕಾರಕ್ಕೆ ಬಂದ ಕಮ್ಯುನಿಸ್ಟ್ ಪಕ್ಷದ ನಾಯಕ ಎಡ್ವರ್ಡ್ ಗ್ಯೆರೆಕ್ ಜನರ ಬದುಕು ಹಸನಾಗುತ್ತದೆಂದು ಭರವಸೆ ಕೊಟ್ಟರು. ಸಾಮಾನ್ಯ ಕುಟುಂಬಕ್ಕೊಂದು ಕಾರು ಆ ಭರವಸೆಯ ಭಾಗ. 1971ರ ಅಕ್ಟೋಬರಿನಲ್ಲಿ ಇಟಲಿಯ ಫಿಯೆಟ್ ಜೊತೆ ಲೈಸೆನ್ಸ್ ಒಪ್ಪಂದವಾಯಿತು. 1973ರ ಜೂನ್‌ನಲ್ಲಿ ದಕ್ಷಿಣ ಪೋಲೆಂಡಿನ ಬ್ಯೆಲ್ಸ್ಕೊ-ಬ್ಯಾವಾ ನಗರದಲ್ಲಿ, ಇಟಲಿಯಿಂದ ಬಂದ ಬಿಡಿಭಾಗಗಳಿಂದ, ಮೊದಲ ಕಾರುಗಳು ಜೋಡಣೆಯಾದವು. ಹಿಂಬದಿಯಲ್ಲಿ ಗಾಳಿಯಿಂದಲೇ ತಣಿಯುವ ಎರಡು ಸಿಲಿಂಡರಿನ ಎಂಜಿನ್, 594 ಸಿಸಿ, 23 ಅಶ್ವಶಕ್ತಿ.

ಬೆಲೆ 69,000 ಝ್ಲೋಟಿ (ಪೋಲೆಂಡಿನ ಹಣ). ಸರಾಸರಿ ನೌಕರನ ಇಪ್ಪತ್ತಕ್ಕೂ ಹೆಚ್ಚು ತಿಂಗಳ ಸಂಬಳ! ಅಷ್ಟು ಕೂಡಿಟ್ಟರೂ ಅಂಗಡಿಗೆ ಹೋಗಿ ಕಾರು ತರುವಂತಿರಲಿಲ್ಲ. ಸರ್ಕಾರಿ ಬ್ಯಾಂಕಾದ ಪಿಕೆಓದಲ್ಲಿ ಮುಂಗಡ ಕಟ್ಟಿ ಸರದಿ ಕಾಯಬೇಕು. ಇಲ್ಲವೇ ಪ್ರಭಾವಿಗಳಿಗೆ, ಮೆಚ್ಚಿನವರಿಗೆ ಹಂಚುತ್ತಿದ್ದ ಕೂಪನ್ ಸಿಗಬೇಕು. ಸರದಿ ವರ್ಷಗಟ್ಟಲೆ ಎಳೆಯುತ್ತಿದ್ದುದರಿಂದ ಬಳಸಿದ ಕಾರಿಗೆ ಸಂತೆಯಲ್ಲಿ ಹೊಸದಕ್ಕಿಂತ ಹೆಚ್ಚು ಬೆಲೆ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ನಮ್ಮ ಹಿರಿಯರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಆದರೆ ಅಲ್ಲಿನ ಗಾಯ ಇನ್ನೂ ಆಳ: 80ರ ದಶಕದಲ್ಲಿ ಹಣ ಕಟ್ಟಿದ ಬಹಳ ಮಂದಿಗೆ ಕಾರು ಬರಲೇ ಇಲ್ಲ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಹೊಸ ಸರ್ಕಾರ ಅವರಿಗೆ ಪರಿಹಾರ ಕೊಡಬೇಕಾಯಿತು.

ಕಾರು ಸಿಕ್ಕವರು ಮಾತ್ರ ಅದರಲ್ಲಿ ಸಂಸಾರ ಸಮೇತ ಊರೂರು ತಿರುಗಿದರು. ಇಟಲಿಯವರಿಗೆ ಅದು ಪೇಟೆಯೊಳಗೆ ಓಡಾಡುವ ಗಾಡಿ. ಪೋಲೆಂಡಿನವರು ಮೇಲೆ ಲಗೇಜು ಕಟ್ಟಿ ಬಲ್ಗೇರಿಯಾದ ಕಡಲತೀರದವರೆಗೂ ಹೋಗಿಬಂದರು. ಈ ಕಾರನ್ನು ಪೋಲೆಂಡಿನದೇ ಮಾಡಿದ್ದು ಲೈಸೆನ್ಸಿನ ಕಾಗದವಲ್ಲ, ಈ ಪ್ರಯಾಣಗಳು ಎಂದೇ ನನಗನ್ನಿಸುತ್ತದೆ.

ಇಟಲಿ 1980ರಲ್ಲೇ ತಯಾರಿಕೆ ನಿಲ್ಲಿಸಿತು. ಪೋಲೆಂಡ್ ಮುಂದುವರಿಸಿತು. 1992ರಲ್ಲಿ, ಲೈಸೆನ್ಸ್ ಕೊಟ್ಟಿದ್ದ ಫಿಯೆಟ್ಟೇ ಮಾಲುಖ್ ತಯಾರಿಸುತ್ತಿದ್ದ ಸರ್ಕಾರಿ ಕಂಪನಿಯನ್ನು ಕೊಂಡಿತು. ಕೊನೆಯ ಮಾಲುಖ್ ಹೊರಬಂದದ್ದು 2000ದ ಸೆಪ್ಟೆಂಬರ್ 22ರಂದು. ಅಷ್ಟರಲ್ಲಿ ಪೋಲೆಂಡಿನಲ್ಲೇ 33 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಮಾಲುಖ್ ತಯಾರಾಗಿದ್ದ ಇನ್ನೊಂದು ಊರು ತಿಖಿಯಲ್ಲಿ, 2007ರಿಂದ ಫಿಯೆಟ್‌ನ ಹೊಸ ಪುಟ್ಟ ಕಾರು 500 ಸಿದ್ಧವಾಗತೊಡಗಿತು.