ಸ್ಯಾಟಲೈಟ್ ನಿಮ್ಮನ್ನ ನೋಡ್ತಾ ಇಲ್ಲ ಸ್ವಾಮಿ

ನಾಲ್ಕು ಜನ ಒಂದೇ ಟ್ರೇಲ್‌ನಲ್ಲಿ ಮೌಂಟನ್ ಬೈಕ್ ತುಳಿದು ಕೆಳಗಿಳಿದ ಮೇಲೆ ಶುರುವಾಗೋ ಜಗಳ ಇದೆಯಲ್ಲ, ಅದನ್ನ ಕೇಳ್ಬೇಕು. ಒಬ್ಬನ ಜಿಪಿಎಸ್ 22 ಕಿ.ಮೀ. ಅನ್ನುತ್ತೆ, ಇನ್ನೊಬ್ಬನದ್ದು 20.5, ಹತ್ತಿದ ಎತ್ತರದ ಲೆಕ್ಕ ಅಂತೂ ಒಬ್ಬೊಬ್ಬರದ್ದು ಒಂದೊಂದು ಪುರಾಣ. ಕೊನೆಗೆ ಯಾರೋ ಒಬ್ರು "ಇವತ್ತು ಸ್ಯಾಟಲೈಟ್ ನಮ್ಮನ್ನ ಸರಿಯಾಗಿ ಹಿಡೀಲಿಲ್ಲ ಕಣೋ" ಅಂದುಬಿಡ್ತಾರೆ. ನಂಗೆ ಮೈ ಉರಿಯೋದು ಅಲ್ಲೇ.

ಸ್ಯಾಟಲೈಟ್ ಯಾರನ್ನೂ ಹಿಡಿಯಲ್ಲ, ನೀವು ಇದ್ದೀರಿ ಅನ್ನೋದೇ ಅದಕ್ಕೆ ಗೊತ್ತಿಲ್ಲ. ಸುಮಾರು 20,200 ಕಿ.ಮೀ. ಮೇಲಿಂದ "ನಾನು ಇಂಥವನು, ಇಲ್ಲಿದ್ದೀನಿ, ಈಗ ಟೈಮ್ ಇಷ್ಟು" ಅಂತ ಕೂಗ್ಕೊಂಡು ಸುತ್ತುತ್ತೆ ಅಷ್ಟೆ. ನಿಮ್ಮ ಹ್ಯಾಂಡಲ್‌ಬಾರ್ ಮೇಲಿರೋ ಡಬ್ಬಿ ಬರೀ ಕೇಳಿಸ್ಕೊಳ್ಳುತ್ತೆ. ಅದಕ್ಕೇ ಮೊಬೈಲ್ ಸಿಗ್ನಲ್ ಸತ್ತಿರೋ ಕಾಡಲ್ಲೂ ಅದು ಕೆಲಸ ಮಾಡೋದು. ಇಂಟರ್ನೆಟ್ ಬೇಕಾಗೋದು ಮ್ಯಾಪ್ ಇಳಿಸ್ಕೊಳ್ಳೋಕೆ, ಅದನ್ನ ಮನೇಲೇ ಮಾಡ್ಕೊಂಡು ಹೋಗಿ.

ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೆ ಎಣಿಸಿ ದೂರ ಹೇಳ್ತೀವಲ್ಲ, ಡಬ್ಬಿ ಮಾಡೋದೂ ಹೆಚ್ಚುಕಮ್ಮಿ ಅದೇ ಲೆಕ್ಕ. ಆದ್ರೆ ಇಲ್ಲಿ ಬರೋದು ಶಬ್ದ ಅಲ್ಲ, ಬೆಳಕಿನ ವೇಗದ ರೇಡಿಯೋ ಅಲೆ, ಒಂದು ಮೈಕ್ರೋಸೆಕೆಂಡ್ ತಪ್ಪಿದ್ರೆ 300 ಮೀಟರ್ ಆಚೀಚೆ. ಸ್ಯಾಟಲೈಟಲ್ಲಿ ಪರಮಾಣು ಗಡಿಯಾರ ಇದೆ, ಸರಿ, ನಿಮ್ಮ ಡಬ್ಬೀಲಿರೋದು ಸಾದಾ ಕ್ವಾರ್ಟ್ಜ್ ಗಡಿಯಾರ. ಮತ್ತೆ ಹೇಗೆ? ಬಸ್ ಸ್ಟಾಪಲ್ಲಿ ನಿಂತಿದ್ದೀರಿ ಅಂದ್ಕೊಳ್ಳಿ, ಒಂದು ಬಸ್ ಏಳು ನಿಮಿಷ ಲೇಟಾದ್ರೆ ಡ್ರೈವರನ್ನ ಬೈತೀರಿ, ಬಂದ ಬಸ್ಸೆಲ್ಲಾ ಕರೆಕ್ಟಾಗಿ ಏಳೇಳು ನಿಮಿಷ ಲೇಟಾದ್ರೆ? ನಿಮ್ಮ ವಾಚೇ ಏಳು ನಿಮಿಷ ಮುಂದಿದೆ! ನಾಲ್ಕನೇ ಸ್ಯಾಟಲೈಟ್ ಬೇಕಾಗೋದು ಇದಕ್ಕೇ, ಮೂರು ಜಾಗ ಹೇಳೋಕೆ, ಇನ್ನೊಂದು ನಿಮ್ಮ ವಾಚಿನ ಕಳ್ಳತನ ಹಿಡಿಯೋಕೆ. ಈ ಐಡಿಯಾ ನೆನೆಸ್ಕೊಂಡಾಗೆಲ್ಲ ನಂಗೆ ಖುಷಿಯಾಗುತ್ತೆ. ಐನ್‌ಸ್ಟೈನ್ ಬೇರೆ ಮಧ್ಯೆ ಬರ್ತಾನೆ, ಅವನ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಮೇಲಿರೋ ಗಡಿಯಾರ ಭೂಮಿ ಮೇಲಿನದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ, ಅದನ್ನ ತಿದ್ದದೆ ಬಿಟ್ಟಿದ್ರೆ ದಿನಕ್ಕೆ ಹತ್ತು ಕಿ.ಮೀ.ಗಿಂತ ಜಾಸ್ತಿ ತಪ್ಪು ಸೇರ್ತಾ ಹೋಗ್ತಿತ್ತು.

ಈ ಜಿಪಿಎಸ್ ಅಮೆರಿಕದ ಮಿಲಿಟರಿ ಕಟ್ಟಿದ್ದು. 1983ರಲ್ಲಿ ದಾರಿ ತಪ್ಪಿದ ಕೊರಿಯನ್ ಪ್ರಯಾಣಿಕರ ವಿಮಾನವನ್ನ ಸೋವಿಯತ್ ಫೈಟರ್ ಹೊಡೆದುರುಳಿಸಿತು, ಆಮೇಲೇ ಅಮೆರಿಕದ ಅಧ್ಯಕ್ಷ ರೇಗನ್ ಇದನ್ನ ನಾಗರಿಕರಿಗೂ ಕೊಡ್ತೀವಿ ಅಂದಿದ್ದು. ಕೊಟ್ರು, ಬೇಕಂತಲೇ ಮಂಜು ಮಾಡಿ ಕೊಟ್ರು, ತಪ್ಪು 100 ಮೀಟರ್‌ವರೆಗೂ ಹೋಗ್ತಿತ್ತು. ಆ ಮಂಜು ತೆಗೆದಿದ್ದು 2000ದ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಕವಲೊಡೆಯೋ ಟ್ರೇಲಲ್ಲಿ ಜಿಪಿಎಸ್ ನಂಬಿದ್ರೆ ದೇವರೇ ಗತಿ.

ಈಗಿನ ಶತ್ರು ಪ್ರತಿಧ್ವನಿ. ಬಂಡೆಗೆ, ಒದ್ದೆ ಮರಗಳಿಗೆ ತಾಗಿ ಸಿಗ್ನಲ್ ಸುತ್ತಿ ಬರುತ್ತೆ, ಡಬ್ಬಿ ಅದನ್ನೂ ನಿಜ ಅಂದ್ಕೊಂಡು ನಿಮ್ಮನ್ನ ಕಣಿವೆ ಆಚೆ ಕೂರಿಸುತ್ತೆ. ಡ್ಯುಯಲ್ ಬ್ಯಾಂಡ್ ಅಂತ ಬರೆದಿರೋ ಡಿವೈಸ್ ಎಲ್1 ಅನ್ನೋ ಮಾಮೂಲಿ ಸಿಗ್ನಲ್ ಜೊತೆ ಬೇರೆ ಫ್ರೀಕ್ವೆನ್ಸಿಯ ಎಲ್5 ಸಿಗ್ನಲನ್ನೂ ಕೇಳುತ್ತೆ, ಎಲ್5ರ ಕೋಡ್ ಹತ್ತು ಪಟ್ಟು ಚುರುಕು. ಎಳೆದೆಳೆದು "ಹೋ" ಅಂತ ಕೂಗಿದ್ರೆ ಪ್ರತಿಧ್ವನಿ ಅದ್ರಲ್ಲೇ ಕಲಸಿ ಹೋಗುತ್ತೆ, ಪಟ್ ಅಂತ ಚಪ್ಪಾಳೆ ತಟ್ಟಿದ್ರೆ ಮೊದಲನೇದು ಯಾವುದು ಎರಡನೇದು ಯಾವುದು ಬೇರೆ ಬೇರೆ ಕೇಳುತ್ತಲ್ಲ, ಹಾಗೆ. ದಟ್ಟ ಮರ, ಆಳ ಕಣಿವೆಯಲ್ಲಿ ಓಡಿಸೋರು ಬಣ್ಣದ ಸ್ಕ್ರೀನಿಗಿಂತ ಮೊದಲು ಇದನ್ನ ನೋಡಿ.

ಎತ್ತರಕ್ಕೆ ಬರೀ ಸ್ಯಾಟಲೈಟ್ ನಂಬ್ಬೇಡಿ. ಅವೆಲ್ಲ ತಲೆ ಮೇಲೇ ಇರ್ತವೆ, ಕಾಲಡಿ ಇರೋವನ್ನ ಭೂಮಿನೇ ಮುಚ್ಚಿರುತ್ತೆ, ಹಾಗಾಗಿ ಮೇಲೆ-ಕೆಳಗಿನ ಲೆಕ್ಕ ಯಾವತ್ತೂ ಸಡಿಲ. ಗಾಳಿಯ ಒತ್ತಡ ಅಳೆದು ಎತ್ತರ ಹೇಳೋ ಬ್ಯಾರೋಮೀಟರ್ ಇರೋದೇ ತಗೊಳ್ಳಿ, ಸಣ್ಣ ಏರಿಳಿತ ಚೆನ್ನಾಗಿ ಹಿಡಿಯುತ್ತೆ. ಅದಕ್ಕೂ ಒಂದು ರೋಗ ಇದೆ, ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ ಇಳಿದ್ರೆ ಎಂಟು ಮೀಟರ್ ಹತ್ತಿದ್ರಿ ಅನ್ನುತ್ತೆ, ಮಳೆ ಕವಿದ್ರೆ ನೀವು ಬಂಡೆ ಮೇಲೆ ಸುಮ್ನೆ ಕೂತಿದ್ರೂ ಬೆಟ್ಟ ಹತ್ತಿಸುತ್ತೆ. ಆ ಸೆನ್ಸರಿನ ಸಣ್ಣ ತೂತಿಗೆ ಕೆಸರು ಮೆತ್ತಿದ್ರೆ ಕಥೆ ಮುಗೀತು.

ಉಳಿದಿದ್ದು ಬೇಗ ಹೇಳ್ತೀನಿ. ಗ್ಲೌಸ್ ಹಾಕೊಂಡು, ಬೆವರಲ್ಲಿ, ಮಳೇಲಿ ಒತ್ತೋಕೆ ಟಚ್‌ಗಿಂತ ಬಟನ್ ವಾಸಿ. ಮೌಂಟಿಂದ, ಅಂದ್ರೆ ಹಿಡಿಕೆಯಿಂದ, ಕಳಚಿದ್ರೂ ಬೀಳದ ಹಾಗೆ ಡಬ್ಬಿಗೊಂದು ದಾರ ಕಟ್ಟಿ. ಶುರು ಮಾಡೋ ಮುಂಚೆ ಬಯಲಲ್ಲಿ ಒಂದು ನಿಮಿಷ ನಿಲ್ಲಿ, ಒಂದು ಸ್ಯಾಟಲೈಟಿನ ಕಕ್ಷೆ ವಿವರ ಆಕಾಶದಿಂದ ಇಳಿಯೋಕೇ ಅರ್ಧ ನಿಮಿಷ ಆಗುತ್ತೆ.

ಇನ್ನು ಆ ಜಗಳ. ಗಂಟೆಗೆ 18 ಕಿ.ಮೀ. ಅಂದ್ರೆ ಸೆಕೆಂಡಿಗೆ 5 ಮೀಟರ್, ಐದು ಸೆಕೆಂಡಿಗೊಮ್ಮೆ ಚುಕ್ಕಿ ಇಟ್ರೆ ಎರಡು ಚುಕ್ಕಿ ಮಧ್ಯೆ 25 ಮೀಟರ್, ಅಷ್ಟರಲ್ಲಿ ಒಂದು ಹೇರ್‌ಪಿನ್ ತಿರುವು ಪೂರ್ತಿ ಮುಗಿದಿರುತ್ತೆ, ಡಬ್ಬಿ ಮಾತ್ರ ತಿರುವನ್ನ ಕತ್ತರಿಸಿ ನೇರ ಗೆರೆ ಎಳೆದಿರುತ್ತೆ. ಅದಕ್ಕೇ ರೆಕಾರ್ಡಿಂಗ್ ಒಂದು ಸೆಕೆಂಡಿಗೆ ಇಡಿ, ಸಾಧ್ಯವಾದ್ರೆ ಸುತ್ತು ಎಣಿಸಿ ದೂರ ಹೇಳೋ ಸೆನ್ಸರ್ ಒಂದನ್ನ ಚಕ್ರಕ್ಕೆ ಹಾಕಿ. ನಮ್ಮ ಗುಂಪಿನ 20.5ರ ಆಸಾಮಿ ಬ್ಯಾಟರಿ ಉಳಿಸೋ ಮೋಡ್‌ನಲ್ಲಿ ಇಟ್ಟಿದ್ದ. ಇಷ್ಟೆಲ್ಲಾ ವಿವರಿಸಿದೆ, ಇನ್ನೂ ಬದಲಾಯಿಸಿಲ್ಲ, ಎರಡು ದಿನ ಚಾರ್ಜ್ ಬರುತ್ತಂತೆ.