ಅವನು ಯಾವ ರಿಪೇರಿ ಬಿಲ್ಲಿಗೆ ಹೆದರಿ ಕಾರು ಮಾರುತ್ತಿದ್ದಾನೆ?

ಕೋಲಾರದ ಟೇಕಲ್ ರಸ್ತೆ ಕಡೆಯ ನನ್ನ ಗ್ಯಾರೇಜಿಗೆ ಭಾನುವಾರ ಬೆಳಿಗ್ಗೆ ಬರುವ ಅನೇಕರ ಬಳಿ ಕಾರೇ ಇರುವುದಿಲ್ಲ. ಮೊಬೈಲಿನಲ್ಲಿ ಕೊಳ್ಳಬೇಕೆಂದಿರುವ ಹಳೆಯ ಕಾರಿನ ಫೋಟೊ ಇರುತ್ತದೆ. ಹೋದ ತಿಂಗಳು ಬಂದ ಹುಡುಗ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವವನು. ಅವನು ತೋರಿಸಿದ್ದು ಕೆಂಪು ಬಣ್ಣದ, ಹನ್ನೆರಡು ವರ್ಷಕ್ಕೂ ಹಳೆಯದಾದ ಸ್ಕೋಡಾ ಲಾರಾ, 1.8 ಲೀಟರ್ ಟರ್ಬೊ ಪೆಟ್ರೋಲ್. ಹೊಸದಿದ್ದಾಗ ಹದಿನೈದು ಲಕ್ಷದ ಆಸುಪಾಸು, ಈಗ ಮೂರೂವರೆ. "ಅಣ್ಣಾ, ಈ ದುಡ್ಡಿಗೆ ಹೊಸದು ಎಂದರೆ ಚಿಕ್ಕ ಗಾಡಿಯೂ ಬರುವುದಿಲ್ಲ. ಇದು ನೂರಾ ಅರವತ್ತು ಕುದುರೆ. ತೆಗೆದುಕೊಳ್ಳಲೇ?" ಎಂದ. ನಾನು ಕೇಳಿದೆ: "ಅಷ್ಟು ಒಳ್ಳೆಯ ಗಾಡಿಯನ್ನು ಅವನು ಯಾಕೆ ಮಾರುತ್ತಿದ್ದಾನಪ್ಪಾ?"

ಈ ಪ್ರಶ್ನೆಯನ್ನು ನಾನು ಕಲಿತದ್ದು ಸ್ವಂತ ದುಡ್ಡು ಕಳೆದುಕೊಂಡು. ಗ್ಯಾರೇಜು ತೆರೆದ ಹೊಸತರಲ್ಲಿ ಮೊದಲ ತಲೆಮಾರಿನ ಆಕ್ಟೇವಿಯಾದ ಟರ್ಬೊ ಪೆಟ್ರೋಲ್ ಗಾಡಿಯೊಂದು ಕೈಗೆಟುಕುವ ಬೆಲೆಗೆ ಸಿಕ್ಕಿತು. ನೂರೈವತ್ತು ಕುದುರೆಶಕ್ತಿ, ಆ ಕಾಲಕ್ಕೆ ನಮ್ಮ ಕಡೆ ಅದು ದೊಡ್ಡ ಮಾತು. ಕೊಂಡ ಹನ್ನೊಂದನೆಯ ದಿನ ಮುಳಬಾಗಿಲು ದಾಟಿ ನಂಗಲಿಯ ಹತ್ತಿರ ಟೈಮಿಂಗ್ ಬೆಲ್ಟ್ ತುಂಡಾಯಿತು. ಆ ಇಂಜಿನ್ನಿನಲ್ಲಿ ಬೆಲ್ಟ್ ಹೋದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿಯುತ್ತದೆ. ವಾಲ್ವುಗಳು ಬಾಗಿದವು, ಹೆಡ್ ಬಿಚ್ಚಬೇಕಾಯಿತು. ಮಾರಿದವನ ಮೇಲೆ ನನಗೆ ಸಿಟ್ಟಿಲ್ಲ. ಬೆಲ್ಟ್ ಬದಲಿಸಿದ ಬಿಲ್ ಎಲ್ಲಿ ಎಂದು ಕೇಳಿದ್ದರೆ ಅವನು ಇಲ್ಲ ಎನ್ನುತ್ತಿದ್ದ. ಮೆಕ್ಯಾನಿಕ್ಕಾದ ನಾನೇ ಕೇಳಿರಲಿಲ್ಲ.

ಇಂಥ ಗಾಡಿಗಳನ್ನು ಜನ ಬೇಸರ ಬಂದು ಮಾರುವುದು ಕಡಿಮೆ. ದೊಡ್ಡ ಬಿಲ್ಲೊಂದು ದೂರದಲ್ಲಿ ಕಂಡಾಗ ಮಾರುತ್ತಾರೆ. ಕ್ಲಚ್ ಜಾರಲು ಶುರುವಾಗಿರುತ್ತದೆ, ಗೇರ್‌ಬಾಕ್ಸ್ ಒಂದೆರಡು ಸಲ ಜರ್ಕ್ ಹೊಡೆದಿರುತ್ತದೆ, ಸರ್ವಿಸ್ ಸೆಂಟರಿನವರು ಒಂದು ಎಸ್ಟಿಮೇಟ್ ಕೈಗಿಟ್ಟಿರುತ್ತಾರೆ. ಆ ಬಿಲ್ಲು ಗಾಡಿಯ ಜೊತೆಯಲ್ಲೇ ನಿಮ್ಮ ಮನೆಗೆ ಬರುತ್ತದೆ. ಮೂರೂವರೆ ಲಕ್ಷ ಮೊದಲ ಕಂತು. ಎರಡನೆಯ ಕಂತು ಎಷ್ಟೆಂದು ಕೊಳ್ಳುವ ಮುನ್ನ ಪತ್ತೆಮಾಡುವುದೇ ನನ್ನ ಭಾನುವಾರದ ಕೆಲಸ.

ಹಾಗೆಂದು ಹುಡುಗರ ಆಸೆಯನ್ನು ನಾನು ಹಳಿಯುವುದಿಲ್ಲ. ಬೆಳಗಿನ ಜಾವ ಕೋಲಾರ ಬಿಟ್ಟು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನರಸಾಪುರ, ಹೊಸಕೋಟೆ ದಾಟಿ ಹೋಗುವವರಿಗೆ ಗೊತ್ತು: ಎಡಕ್ಕೆ ಟೊಮೆಟೊ ಲಾರಿ, ಬಲಕ್ಕೆ ಅದನ್ನು ಹಿಂದಿಕ್ಕಲು ಹೊರಟ ಇನ್ನೊಂದು ಲಾರಿ, ಹಿಂದೆ ಹಾರನ್ ಬಾರಿಸುವ ಬಸ್ಸು. ಅಲ್ಲಿ ಅರುವತ್ತರಿಂದ ತೊಂಬತ್ತಕ್ಕೆ ತಟ್ಟನೆ ಏರುವ ಇಂಜಿನ್ ಇದ್ದರೆ ಅದು ಶೋಕಿಯಲ್ಲ, ರಕ್ಷಣೆ. ಈಗ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಯ ಪಕ್ಕದಲ್ಲಿ ಬೇತಮಂಗಲದ ಕಡೆಗೆ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇರೆ ಬಂದಿದೆ; ಕರ್ನಾಟಕದ ಭಾಗವೇ 71 ಕಿಲೋಮೀಟರು. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಗರಿಷ್ಠ 120, ವಿಭಜಕವಿರುವ ಚತುಷ್ಪಥದಲ್ಲಿ 100. ಆ ವೇಗದಲ್ಲಿ ಗಂಟೆಗಟ್ಟಲೆ ಉಸಿರುಗಟ್ಟದೆ ಓಡುವ ಕಾರು ಬೇಕೆನ್ನುವುದು ನ್ಯಾಯವೇ. ಅದಕ್ಕಿಂತ ಹೆಚ್ಚಿನ ವೇಗಕ್ಕಾಗಿ ಕಾರು ಹುಡುಕುವವರು ನನ್ನ ಬಳಿ ಬರಬೇಕಾಗಿಲ್ಲ.

ಮೊದಲು ಲೆಕ್ಕ. ಕೋಲಾರದಿಂದ ವೈಟ್‌ಫೀಲ್ಡಿಗೆ ಹೋಗಿಬರಲು ದಿನಕ್ಕೆ ಸುಮಾರು ನೂರು ಕಿಲೋಮೀಟರು. ತಿಂಗಳಿಗೆ ಇಪ್ಪತ್ತೈದು ದಿನವೆಂದರೆ 2,500, ವರ್ಷಕ್ಕೆ 30,000. ಟರ್ಬೊ ಪೆಟ್ರೋಲ್ ಗಾಡಿ ಲೀಟರಿಗೆ ಹನ್ನೆರಡು ಕೊಟ್ಟರೆ ತಿಂಗಳಿಗೆ 208 ಲೀಟರು. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಇಪ್ಪತ್ತೊಂದು ಸಾವಿರದ ಹತ್ತಿರ. ಹದಿನೆಂಟು ಕೊಡುವ ಡೀಸೆಲ್ ಸೆಡಾನ್ ಇದೇ ಕೆಲಸವನ್ನು ಹದಿಮೂರು ಸಾವಿರದೊಳಗೆ ಮುಗಿಸುತ್ತದೆ. ಒಂದು ವರ್ಷದ ವ್ಯತ್ಯಾಸ ಸುಮಾರು ಲಕ್ಷ ರೂಪಾಯಿ. ಟೋಲ್ ಸೇರಿಸಿಲ್ಲ. ಬಂಗಾರಪೇಟೆ, ಮಾಲೂರಿನವರಿಗೆ ನಾನು ಇನ್ನೊಂದು ಮಾತೂ ಹೇಳುತ್ತೇನೆ: ವೈಟ್‌ಫೀಲ್ಡಿಗೆ ರೈಲು ಇದೆ, 2023ರಿಂದ ಅಲ್ಲಿಂದ ಮುಂದಕ್ಕೆ ಮೆಟ್ರೋ ಇದೆ. ಸೋಮವಾರದಿಂದ ಶುಕ್ರವಾರದವರೆಗೆ ರೈಲಿನಲ್ಲಿ ಹೋಗಿ, ಶನಿವಾರಕ್ಕೊಂದು ಮೋಜಿನ ಕಾರು ಇಟ್ಟುಕೊಂಡರೆ ಅದು ಬಹಳ ವರ್ಷ ಬಾಳುತ್ತದೆ. ಈ ಮಾತಿನಿಂದ ನನ್ನ ವ್ಯಾಪಾರಕ್ಕೆ ಲಾಭವೇನೂ ಇಲ್ಲ.

ಯಾವ ಕಾರು? 2008ರ ನಂತರದ ಹೋಂಡಾ ಸಿಟಿಗೆ ಟರ್ಬೊ ಇಲ್ಲ, 118 ಕುದುರೆಶಕ್ತಿ ಇದೆ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಇಂಜಿನ್ ಜೋರಾಗಿ ತಿರುಗುವಂತೆ ಎಳೆದು ಓಡಿಸಬೇಕು, ಅಷ್ಟೆ. ಅದರ ಅಣ್ಣ ಸಿವಿಕ್ 1.8 ಹೆದ್ದಾರಿಯಲ್ಲಿ ಮಹಾರಾಜ. ಊರೊಳಗೆ ಬಂದರೆ ಪ್ರತಿ ರಸ್ತೆಯುಬ್ಬಿಗೂ ಹೊಟ್ಟೆ ಉಜ್ಜಿಕೊಂಡು ನರಳುತ್ತದೆ. 2011ರ ವರ್ನಾ 1.6 ಡೀಸೆಲ್‌ಗೆ 128 ಕುದುರೆಶಕ್ತಿಯ ಗಟ್ಟಿ ಎಳೆತ ಇದೆ, ಆದರೆ ಹಿಂಭಾಗದ ಸಸ್ಪೆನ್ಷನ್ ಮೆತ್ತಗೆ. ನೂರರಲ್ಲಿ ಲೇನ್ ಬದಲಿಸಿದರೆ ಹಿಂದಿನ ಭಾಗ ಒಂದು ಕ್ಷಣ ತಡವಾಗಿ ಬರುತ್ತದೆ; ಅದು ರೂಢಿಯಾಗುವವರೆಗೆ ಎಚ್ಚರ ಬೇಕು. ಫಿಯೆಟ್ ಲಿನಿಯಾ ಟಿ-ಜೆಟ್ ನನ್ನ ದೌರ್ಬಲ್ಯ: 1.4 ಲೀಟರ್ ಟರ್ಬೊ, 114 ಕುದುರೆಶಕ್ತಿ, ರಸ್ತೆಯನ್ನು ಕಚ್ಚಿ ಹಿಡಿಯುವ ಗುಣ. ಆದರೆ ಕಂಪನಿ ನಮ್ಮ ದೇಶದಲ್ಲಿ ಆ ಕಾರುಗಳ ಮಾರಾಟ ನಿಲ್ಲಿಸಿ ವರ್ಷಗಳಾದವು. ಹೆಡ್‌ಲೈಟ್ ಒಡೆದರೆ ಹಳೇ ಸಾಮಾನಿನ ಅಂಗಡಿ ಸುತ್ತಬೇಕು. 2017ರಲ್ಲಿ ಬಾಗಿಲು ಮುಚ್ಚಿದ ಷೆವರ್ಲೆಯ ಕ್ರೂಸ್ ಡೀಸೆಲ್ಲಿಗೂ ಇದೇ ಪಾಡು, ಅದರ ಎಳೆತ ಎಷ್ಟೇ ಚೆನ್ನಾಗಿರಲಿ.

ಇನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ ಬಳಗ. ಲಾರಾ, ಆಕ್ಟೇವಿಯಾ, ಜೆಟ್ಟಾ, ವೆಂಟೊ. ಹೆದ್ದಾರಿಯಲ್ಲಿ ಇವುಗಳ ನಡಿಗೆಗೆ ಸಾಟಿಯಿಲ್ಲ. ಬಾಗಿಲು ಮುಚ್ಚುವ ಸದ್ದಿಗೇ ಮರುಳಾಗುವವರಿದ್ದಾರೆ. ಇಲ್ಲಿ ಕೇಳಬೇಕಾದದ್ದು ಗೇರ್‌ಬಾಕ್ಸ್ ಯಾವುದು ಎಂದು. ಡಿಎಸ್‌ಜಿ, ಅಂದರೆ ಇವುಗಳ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಲ್ಲ ಒಂದೇ ಅಲ್ಲ. 2.0 ಡೀಸೆಲ್ ಲಾರಾದಲ್ಲಿ ಬಂದ ಆರು ಗೇರಿನದರಲ್ಲಿ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದ ದಾಖಲೆ ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಟಿಎಸ್‌ಐ ಎನ್ನುವ ಟರ್ಬೊ ಪೆಟ್ರೋಲ್ ಗಾಡಿಗಳಲ್ಲಿ ಬಂದ ಏಳು ಗೇರಿನದು ಒಣ ಕ್ಲಚ್ಚಿನದು. ಎಕ್ಸ್‌ಪ್ರೆಸ್‌ವೇಯಲ್ಲಿ ಅದಕ್ಕೇನೂ ಆಗುವುದಿಲ್ಲ. ಕೆ.ಆರ್. ಪುರದ ತೂಗುಸೇತುವೆಯ ಬಳಿ ದಿನವೂ ಮುಕ್ಕಾಲು ಗಂಟೆ ತೆವಳಿದರೆ ಕ್ಲಚ್ಚು ಬಿಸಿಯೇರಿ ಸವೆಯುತ್ತದೆ; ಗೇರುಗಳನ್ನು ಆಳುವ ಮೆಕಾಟ್ರಾನಿಕ್ ಘಟಕ ಕೈಕೊಟ್ಟರೆ ಖರ್ಚು ಲಕ್ಷ ದಾಟುತ್ತದೆ. ನಿಮ್ಮ ದಾರಿಯಲ್ಲಿ ಹೆದ್ದಾರಿ ನಲವತ್ತು ನಿಮಿಷ, ನಗರ ಒಂದು ಗಂಟೆ ಎಂದಾದರೆ ಮ್ಯಾನ್ಯುಯಲ್ ಗೇರಿನದನ್ನೇ ಹುಡುಕಿ.

ಪರೀಕ್ಷೆಗೆ ನಾನು ಬೆಳಿಗ್ಗೆ ಆರೂವರೆಗೇ ಹೋಗುತ್ತೇನೆ. ಮಾಲೀಕ ಎದ್ದು ಗಾಡಿ ಶುರುಮಾಡುವ ಮೊದಲೇ ಬಾನೆಟ್ ಮೇಲೆ ಕೈ ಇಡಬೇಕು. ಬೆಚ್ಚಗಿದ್ದರೆ, "ನಾಳೆ ಬರುತ್ತೇನೆ ಸಾರ್" ಎಂದು ಹೇಳಿ ಕಾಫಿ ಕುಡಿದು ವಾಪಸ್. ತಣ್ಣನೆಯ ಇಂಜಿನ್ ಸುಳ್ಳು ಹೇಳುವುದಿಲ್ಲ. ಲಾರಾದ 1.8 ಟಿಎಸ್‌ಐ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟಿನ ಬದಲು ಚೈನ್ ಇರುತ್ತದೆ; ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದ್ದರೆ ಮೊದಲ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಗಲಗಲ ಎನ್ನುತ್ತದೆ. ಬಿಸಿಯಾದ ಮೇಲೆ ಆ ಸದ್ದು ಮಾಯ. ಅದೇ ಇಂಜಿನ್ನಿಗೆ ಆಯಿಲ್ ಕುಡಿಯುವ ಚಾಳಿಯೂ ಇದೆ, ಆದ್ದರಿಂದ ಡಿಪ್‌ಸ್ಟಿಕ್ ತೆಗೆದು ನೋಡಿ, ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಡಬ್ಬಿ ಇದೆಯೇ ಎಂದೂ ನೋಡಿ. ಡಬ್ಬಿ ಇದ್ದರೆ ಮಾತು ಬೇಕಾಗಿಲ್ಲ. ಹೊಗೆ ನೀಲಿಯಾದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆಯಾದರೆ ಇಂಜಿನ್ ತಂಪಾಗಿಡುವ ದ್ರವ, ಕೂಲೆಂಟು, ಒಳಗೆ ಹೋಗುತ್ತಿದೆ.

ಕೂಲೆಂಟಿನ ವಿಷಯದಲ್ಲಿ ನಮ್ಮ ಜಿಲ್ಲೆಗೇ ಒಂದು ವಿಶೇಷ ರೋಗವಿದೆ. ಸಾವಿರ ಅಡಿಗೂ ಕೆಳಗಿನಿಂದ ಬರುವ ಬೋರ್‌ವೆಲ್ ನೀರನ್ನು ಜನ ರೇಡಿಯೇಟರಿಗೆ ಸುರಿಯುತ್ತಾರೆ. ಮನೆಯ ಗೀಸರಿನಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಊರೊಳಗೆ ಓಡಿಸಿದಾಗ ಏನೂ ಗೊತ್ತಾಗುವುದಿಲ್ಲ, ಎ.ಸಿ. ಹಾಕಿ ನೂರರಲ್ಲಿ ಅರ್ಧ ಗಂಟೆ ಓಡಿಸಿದರೆ ಶಾಖ ಏರುತ್ತದೆ. ಜರ್ಮನ್ ಗಾಡಿಗಳಲ್ಲಿ ಮೀಟರಿನ ಮುಳ್ಳನ್ನು ನಂಬಬೇಡಿ. ಒಳಗೆ ಹತ್ತು ಡಿಗ್ರಿ ಏರಿಳಿದರೂ ಅದು ತೊಂಬತ್ತರಲ್ಲೇ ಅಲುಗದೆ ನಿಂತಿರುವಂತೆ ಮಾಡಿರುತ್ತಾರೆ. ಸ್ಕ್ಯಾನರ್ ಜೋಡಿಸಿ ನಿಜವಾದ ಅಂಕಿ ಓದಬೇಕು. ಅದೇ ಸ್ಕ್ಯಾನರ್ ಇನ್ನೊಂದು ಗುಟ್ಟನ್ನೂ ಬಿಡುತ್ತದೆ: ದೋಷದ ಕೋಡುಗಳನ್ನು ಹಿಂದಿನ ರಾತ್ರಿ ಅಳಿಸಿದ್ದರೆ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪಟ್ಟಿ ಇನ್ನೂ ಪೂರ್ತಿಯಾಗಿರುವುದಿಲ್ಲ. ಶುಭ್ರವಾಗಿರುವ ಸ್ಕ್ಯಾನ್ ವರದಿಗಿಂತ ನಿನ್ನೆ ತಾನೇ ಶುಭ್ರಗೊಳಿಸಿದ ವರದಿ ಹೆಚ್ಚು ಅನುಮಾನಕ್ಕೆ ಯೋಗ್ಯ.

ರಸ್ತೆಗಿಳಿದ ಮೇಲೆ ಮೇಲಿನ ಗೇರಿನಲ್ಲಿ, ಕಡಿಮೆ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ನಿನ ನಡುಕ ಹೀರುವ ಎರಡು ತುಂಡಿನ ಚಕ್ರ) ಇರುವ ಗಾಡಿಯಲ್ಲಿ ಅದನ್ನೂ ಸೇರಿಸಿ ಬದಲಿಸಲು ಅರ್ಧ ಲಕ್ಷ ಮೀರುತ್ತದೆ. ಟ್ಯೂನ್ ಮಾಡಿಸಿ ಶಕ್ತಿ ಹೆಚ್ಚಿಸಿದ ಗಾಡಿಗಳಲ್ಲಿ ಇದು ಬೇಗ ಬರುತ್ತದೆ. ದಪ್ಪ ಸೈಲೆನ್ಸರ್, ಬದಲಾದ ಏರ್ ಫಿಲ್ಟರ್ ಕಂಡರೆ ನಾನು ಮುಂದಿನ ಪ್ರಶ್ನೆ ಕೇಳುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2317 ಎಂದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಆಳವಾಗಿಯೇ ಇದ್ದರೂ ಅಷ್ಟು ಹಳೆಯ ರಬ್ಬರಿನ ಮೇಲೆ ನೂರರಲ್ಲಿ ಹೋಗಲು ನಾನು ಒಪ್ಪುವುದಿಲ್ಲ. ನಾಲ್ಕು ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಇವಿಷ್ಟನ್ನು ಕೊಂಡ ವಾರವೇ ಹೊಸದು ಹಾಕಿಸುವುದೆಂದು ಬೆಲೆಯಲ್ಲೇ ಸೇರಿಸಿಕೊಳ್ಳಿ. 2023ಕ್ಕಿಂತ ಹಿಂದಿನ ಹೆಚ್ಚಿನ ಪೆಟ್ರೋಲ್ ಗಾಡಿಗಳು ಇಪ್ಪತ್ತು ಶೇಕಡಾ ಎಥನಾಲ್ ಬೆರೆತ ಇಂಧನಕ್ಕೆಂದು ತಯಾರಾದವಲ್ಲ. ಇಂಧನದ ರಬ್ಬರ್ ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡಿ, ಬಿರುಕಿದ್ದರೆ ಬದಲಿಸಿ.

ಗಡಿ ಜಿಲ್ಲೆಯಾದ್ದರಿಂದ ನಮಗೆ ಇನ್ನೆರಡು ತಾಪತ್ರಯ. ಚೆನ್ನೈ ಕಡೆಯಿಂದ ಬಂದ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುತ್ತೇನೆ. ಪ್ರವಾಹದಲ್ಲಿ ಮುಳುಗಿದ್ದರೆ ಒಳಗಿನ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿಗಳು ತುಕ್ಕು ಹಿಡಿದಿರುತ್ತವೆ. ಕಾರ್ಪೆಟ್ ತೊಳೆಯುವವರು ಬೆಲ್ಟ್ ತೊಳೆಯಲು ಮರೆಯುತ್ತಾರೆ. ಎರಡನೆಯದು ಆಂಧ್ರ, ತಮಿಳುನಾಡಿನ ನೋಂದಣಿ ಇರುವ ಗಾಡಿ ಅಗ್ಗಕ್ಕೆ ಸಿಗುವುದು. ಅಲ್ಲಿನ ಆರ್‌ಟಿಒ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ ಕೋಲಾರದ ಕೆಎ-07 ನೋಂದಣಿ ಮಾಡಿಸಬೇಕು. ಹನ್ನೆರಡು ತಿಂಗಳು ಮೀರಿ ಹಾಗೆಯೇ ಓಡಿಸುವಂತಿಲ್ಲ. ಆ ತೆರಿಗೆ ಸೇರಿಸಿದರೆ ಅಗ್ಗ ಎಂಬುದು ಎಷ್ಟೋ ಸಲ ಉಳಿಯುವುದೇ ಇಲ್ಲ. ಹದಿನೈದು ವರ್ಷ ಸಮೀಪಿಸಿದ ಗಾಡಿಯಾದರೆ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ ಐದು ಸಾವಿರವಾಗಿದೆ ಎಂಬುದೂ ನೆನಪಿರಲಿ. ಗಾಡಿಯ ಮೇಲೆ ಸಾಲವಿದ್ದು ತೀರಿದ್ದರೆ, ತೀರಿದೆ ಎಂದು ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೈಯಲ್ಲಿರಬೇಕು. ವಿಮೆಯನ್ನು ಹೆಸರಿಗೆ ಬದಲಿಸಲು ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು.

ಆ ಕೆಂಪು ಲಾರಾವನ್ನು ನಾವು ನೋಡಿ ಬಂದೆವು. ಬಾನೆಟ್ ತಣ್ಣಗಿತ್ತು, ಮಾಲೀಕ ಮರ್ಯಾದಸ್ಥ. ಚೈನ್ ಮಾತ್ರ ಮೂರು ಸೆಕೆಂಡು ಗಲಗಲ ಎಂದಿತು. ನಾನು ಒಂದು ಹಳೆಯ ಬಿಲ್ಲಿನ ಹಿಂದೆ ಬರೆದುಕೊಟ್ಟೆ: ಚೈನ್ ಮತ್ತು ಟೆನ್ಷನರ್, ನಾಲ್ಕು ಟೈರು, ಮುಂದಿನ ಸಸ್ಪೆನ್ಷನ್ ಬುಷ್‌ಗಳು, ಸೋರುತ್ತಿದ್ದ ವಾಟರ್ ಪಂಪ್. ಒಟ್ಟು ಒಂದು ಲಕ್ಷ ಇಪ್ಪತ್ತು ಸಾವಿರ. ಹುಡುಗ ಅಷ್ಟನ್ನು ಕಳೆದು ಬೆಲೆ ಹೇಳಿದ. ಮಾಲೀಕ ನಕ್ಕು, ಆಗುವುದಿಲ್ಲ ಎಂದ. ಮೂರು ವಾರ ಬಿಟ್ಟು ಅವನೇ ಫೋನ್ ಮಾಡುವಷ್ಟರಲ್ಲಿ ಹುಡುಗ ಶ್ರೀನಿವಾಸಪುರದ ಮೇಷ್ಟರೊಬ್ಬರ ಹೋಂಡಾ ಸಿಟಿಯನ್ನು, ಹನ್ನೊಂದು ವರ್ಷದ ಬಿಲ್ಲುಗಳಿದ್ದ ಪ್ಲಾಸ್ಟಿಕ್ ಕವರಿನ ಸಮೇತ, ಕೊಂಡಾಗಿತ್ತು. ಕೆಂಪು ಲಾರಾ ಇನ್ನೂ ಮಾರಾಟಕ್ಕಿದೆ, ಬೆಲೆ ಮತ್ತೆ ನಲವತ್ತು ಸಾವಿರ ಇಳಿದಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದೆರಡು ಸಲ ನಾನೇ ಅದರ ಫೋಟೊ ತೆರೆದು ನೋಡಿದ್ದೇನೆ.